ಹಬ್ಬ ನೋಡಲು ಬಂದವಳು

"ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ಆಮೇಲೆ ನೀವು ಜೀಪು ಹತ್ತಿ."

ಕಕ್ಕಬೆಯಲ್ಲಿ ಬಸ್ಸಿಳಿದು ಬ್ಯಾಗು ಹಿಡಿದು ನಿಂತಿದ್ದ ಶ್ರೀಲಕ್ಷ್ಮಿ ಬೆಚ್ಚಿ ತಲೆಯೆತ್ತಿದಳು.

ಎದುರಿಗಿದ್ದವನು ಎತ್ತರದ ಆಳು. ಬಿಳಿ ಪಂಚೆ, ಮಾಸಲು ನೀಲಿ ಅಂಗಿ, ಹಣೆಯಲ್ಲಿ ಅರ್ಧ ಅಳಿಸಿದ ಗಂಧ. ವಯಸ್ಸು ಮೂವತ್ತೈದರ ಆಸುಪಾಸು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ನಮ್ಮ ಮನೆ ಇಲ್ಲಿಂದ ಇನ್ನೂ ಮೇಲೆ, ಗುಡ್ಡದ ಬುಡದಲ್ಲಿ. ಮಳೆಗಾಲದಲ್ಲಿ ಕರೆಂಟು ಹೋದರೆ ವಾರಗಟ್ಟಲೆ ಇಲ್ಲ. ಫೋನ್ ಸಿಗ್ಬೇಕಾದ್ರೆ ದೇವಸ್ಥಾನದ ಹಿಂದೆ ಬಂಡೆ ಹತ್ಬೇಕು. ನಾನು ಎರಡು ಹೊತ್ತಿನ ಪೂಜೆ ಬಿಟ್ಟು ಎಲ್ಲಿಗೂ ಹೋಗುವವನಲ್ಲ, ಪೇಟೆಯಲ್ಲಿ ಮನೆ ಮಾಡುವವನೂ ಅಲ್ಲ. ಇದೆಲ್ಲ ಗೊತ್ತಿದ್ದೇ ಬಂದಿದ್ದೀರಾ?"

ಶ್ರೀಲಕ್ಷ್ಮಿ ಕಕ್ಕಾಬಿಕ್ಕಿಯಾದಳು. ಇದೆಂಥ ಮನುಷ್ಯ... ಹಬ್ಬಕ್ಕೆ ಬಂದವರ ಹತ್ತಿರ ಯಾರಾದರೂ ಹೀಗೆ ಮಾತಾಡುತ್ತಾರಾ?

"ನಾನು ಎರಡು ದಿನಕ್ಕೆ ಬಂದವಳು. ಇದೆಲ್ಲ ನನಗೆ ಯಾಕೆ ಬೇಕು?" ಎಂದಳು ಮೆಲ್ಲಗೆ.

ಅವನ ಮುಖ ಕೆಂಪೇರಿತು.

"ಎರಡು ದಿನ... ಸರಿ. ಹತ್ತಿ."

ಅವಳ ಕೈಯಿಂದ ಬ್ಯಾಗು ತೆಗೆದುಕೊಂಡು ಹಿಂದಿನ ಸೀಟಿಗೆ ಹಾಕಿದ. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಎರಡೂ ಬದಿಯ ತೋಟಗಳಲ್ಲಿ ಹಿಂದಿನ ವಾರ ಅರಳಿದ್ದ ಕಾಫಿ ಹೂವು ಕಂದು ಬಣ್ಣಕ್ಕೆ ತಿರುಗಿ ಗಿಡಕ್ಕೇ ಅಂಟಿಕೊಂಡಿತ್ತು. ಶ್ರೀಲಕ್ಷ್ಮಿ ಅದನ್ನೇ ನೋಡುತ್ತ ಕುಳಿತಳು. ಯಾಕಾದರೂ ಬಂದೆನೋ ಎಂದು ಆಗಲೇ ಅನಿಸತೊಡಗಿತ್ತು.

ಅವಳು ಪೊನ್ನಂಪೇಟೆಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತೆ. ಹುಟ್ಟಿದ್ದು ಮಡಿಕೇರಿಯಲ್ಲಿ, ಮೇಷ್ಟ್ರ ಒಬ್ಬಳೇ ಮಗಳಾಗಿ. ಅಮ್ಮ ಹೋದಾಗ ಮೂರನೆಯ ತರಗತಿಯಲ್ಲಿದ್ದಳು. ಅಪ್ಪ ಹೋಗಿ ಈಗ ಆರು ವರ್ಷ. ನಡುವೆ ಒಂದು ಸಂಬಂಧ ಗೊತ್ತಾಗಿ, ತಾಂಬೂಲದವರೆಗೆ ಬಂದು, ಯಾವ ಕಾರಣವನ್ನೂ ಹೇಳದೆ ಮುರಿದುಹೋಗಿತ್ತು. ಆಮೇಲೆ ಹುಡುಕುವವರು ಯಾರು? ಪೊನ್ನಂಪೇಟೆಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆ, ಕಚೇರಿ, ಮತ್ತೆ ಮಹಡಿಯ ಮನೆ. ಮೂವತ್ತೆರಡು ತುಂಬಿದ್ದು ಅವಳಿಗೇ ಗೊತ್ತಾಗಿರಲಿಲ್ಲ.

ಹಬ್ಬಗಳೆಂದರೆ ಅವಳಿಗೆ ಭಯ. ಎಲ್ಲರೂ ಊರಿಗೆ ಹೊರಟು, ರಸ್ತೆ ಖಾಲಿಯಾಗಿ, ಎದುರು ಮನೆಯಿಂದ ಒಗ್ಗರಣೆಯ ಘಮ ಬರುವಾಗ ಬಾಗಿಲು ಹಾಕಿಕೊಂಡು ಮಲಗುತ್ತಿದ್ದಳು.

ಆದರೆ ಬಿಸು ಹಬ್ಬ ಬಂತೆಂದರೆ ಮಾತ್ರ ಒಂದು ನೆನಪು ಮಲಗಲು ಬಿಡುತ್ತಿರಲಿಲ್ಲ. ಬೆಳಗಿನ ಜಾವ, ಅಮ್ಮ ಹಿಂದಿನಿಂದ ಬಂದು ಕಣ್ಣು ಮುಚ್ಚುತ್ತಿದ್ದಳು. ತಣ್ಣಗಿನ, ಒದ್ದೆ ಅಂಗೈ. ಹಾಗೇ ನಡೆಸಿಕೊಂಡು ದೇವರ ಕೋಣೆಗೆ ಕರೆದೊಯ್ದು ಕೈ ತೆಗೆದರೆ ಎದುರಿಗೆ ಕಣಿ... ದೀಪ, ಅಕ್ಕಿ, ತೆಂಗಿನಕಾಯಿ, ಹಣ್ಣು, ಹೂವು, ಚಿನ್ನ, ಕನ್ನಡಿ. ವರ್ಷದ ಮೊದಲ ದಿನ ಕಣ್ಣಿಗೆ ಮೊದಲು ಬೀಳಬೇಕಾದದ್ದು ಅದು. ಅಮ್ಮ ಹೋದ ಮೇಲೆ ಅಪ್ಪ ಕಣಿ ಇಡಲೇ ಇಲ್ಲ.

ಇದನ್ನು ಒಮ್ಮೆ ಬಾಯಿತಪ್ಪಿ ಪಕ್ಕದ ಮೇಜಿನ ಯಮುನಳ ಹತ್ತಿರ ಹೇಳಿದ್ದಳು.

ಯಮುನ ಬಿಡಲಿಲ್ಲ. "ನನ್ನ ತವರಿನ ಹತ್ರ ತಿಮ್ಮಪ್ಪಯ್ಯ ಅಂತ ಭಟ್ರಿದ್ದಾರೆ. ದೇವಸ್ಥಾನದ ಪೂಜೆ ಅವರದ್ದೇ. ಬಿಸು ಅಂದ್ರೆ ಅವರ ಮನೇದೇ ನೋಡ್ಬೇಕು. ಬಂದವರಿಗೆಲ್ಲ ಜಾಗ ಕೊಡ್ತಾರೆ. ನಾನು ಫೋನ್ ಮಾಡ್ತೇನೆ, ನೀವು ಸುಮ್ನೆ ಹೋಗಿ ಬನ್ನಿ."

ಹಾಗೆ ಬಂದಿದ್ದಳು. ಗೋಣಿಕೊಪ್ಪದಲ್ಲಿ ಒಂದು ಬಸ್ಸು, ವೀರಾಜಪೇಟೆಯಲ್ಲಿ ಇನ್ನೊಂದು. ಇಳಿದ ಕೂಡಲೇ ಸಿಕ್ಕಿದ್ದು ಈ ಸಿಡುಕು ಮೂತಿ.

ಮನೆಯಲ್ಲಿ ಮಾತ್ರ ಎಲ್ಲ ತಿರುಗುಮುರುಗು.

ಜೀಪು ನಿಲ್ಲುವ ಮೊದಲೇ ಒಬ್ಬ ಹಿರಿಯಾಕೆ ಸೆರಗಿಗೆ ಕೈ ಒರೆಸುತ್ತ ಅಂಗಳಕ್ಕೆ ಬಂದರು. ತಿಮ್ಮಪ್ಪಯ್ಯನವರ ತಂಗಿ, ತ್ರಿಪುರಸುಂದರಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆಗೆ ಬಂದವರು. ಅತ್ತಿಗೆ ತೀರಿಕೊಂಡ ಮೇಲೆ ಅಣ್ಣನ ಮಗ ಶ್ರೀರಾಮನನ್ನು ಸಾಕಿದ್ದೂ ಅವರೇ. ಅಂದರೆ, ಜೀಪಿನ ಆ ಮೌನಿಯನ್ನು.

"ಬಂದೆಯಾ ಮಗಳೇ? ಬಾ ಬಾ. ಬಿಸಿಲಲ್ಲಿ ಸೋತುಹೋಗಿದ್ದೀ."

"ನಮಸ್ಕಾರ, ಅಮ್ಮ..."

"ಅಮ್ಮ ಅಲ್ಲ, ಅತ್ತೆ ಅನ್ನು. ಇವನಿಗೆ ಅತ್ತೆ ಆದರೆ ಊರಿಗೇ ಅತ್ತೆ ನಾನು."

ಕೈ ಹಿಡಿದು ಒಳಗೆ ಕರೆದೊಯ್ದರು. ಬೆಲ್ಲ ನೀರು ಕೊಟ್ಟರು. ಜಗಲಿಯಲ್ಲಿ ಪಂಚಾಂಗ ನೋಡುತ್ತಿದ್ದ ತಿಮ್ಮಪ್ಪಯ್ಯನವರು ಕನ್ನಡಕ ತೆಗೆದು, "ದಾರಿ ಕಷ್ಟ ಆಯ್ತಾ ಮಗು? ಈ ರಸ್ತೆ ಒಂದು ಸರಿ ಆಗ್ಲೇ ಇಲ್ಲ," ಎಂದು ರಸ್ತೆ ತಾವೇ ಹಾಳು ಮಾಡಿದವರಂತೆ ನೊಂದುಕೊಂಡರು.

ಊಟಕ್ಕೆ ಕುಳಿತರೆ ಅತ್ತೆ ಎಲೆಯ ಮುಂದೆಯೇ ನಿಂತರು. "ಗುಜ್ಜೆ ಪಲ್ಯ ಹಾಕ್ಲಾ? ಎಳೆ ಹಲಸಿನದ್ದು. ನಿಂಗೆ ಸೇರ್ತದಾ? ಖಾರ ಕಮ್ಮಿ ಬೇಕಾದ್ರೆ ನಾಳೆಯಿಂದ ಕಮ್ಮಿ ಮಾಡ್ತೇನೆ."

ಹಬ್ಬ ನೋಡಲು ಬಂದ ಅಪರಿಚಿತಳಿಗೆ ಇಷ್ಟೊಂದು ಅಕ್ಕರೆಯೇ? ಶ್ರೀಲಕ್ಷ್ಮಿ ಎರಡನೆಯ ಸಲವೂ ಬಡಿಸಿಕೊಂಡಳು. ಅವಳು ಎಷ್ಟು ಉಣ್ಣುತ್ತಾಳೆ ಎಂದು ಯಾರಾದರೂ ನೋಡಿ ಎಷ್ಟು ಕಾಲವಾಗಿತ್ತು...

ಆ ಅಕ್ಕರೆಯ ಕಾರಣ ಸಂಜೆ ತಿಳಿಯಿತು.

ಮರುದಿನದ ಸ್ನಾನಕ್ಕೆ ಮೊದಲು ತಲೆಗೆ ಎಣ್ಣೆ ಕೂತಿರಬೇಕು ಎಂದು ಅತ್ತೆ ಅವಳನ್ನು ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡಿದ್ದರು. ಬೆಚ್ಚಗಿನ ಕೊಬ್ಬರಿ ಎಣ್ಣೆ, ನೆತ್ತಿಯ ಮೇಲೆ ನಿಧಾನವಾಗಿ ಆಡುವ ಬೆರಳು. ಶ್ರೀಲಕ್ಷ್ಮಿ ಕಣ್ಣು ಮುಚ್ಚಿದ್ದಳು.

"ಶ್ರೀರಾಮ ದಾರಿಯಲ್ಲಿ ಏನಾದ್ರೂ ಒರಟಾಗಿ ಮಾತಾಡಿದ್ನಾ?"

"ಇಲ್ಲ ಅತ್ತೆ... ಕರೆಂಟು ಇಲ್ಲ, ಫೋನ್ ಇಲ್ಲ ಅಂತೆಲ್ಲ ಹೇಳಿದರು."

"ಹೇಳಿಯೇ ಬಿಟ್ನಾ?" ಅತ್ತೆ ನಿಟ್ಟುಸಿರು ಬಿಟ್ಟರು. "ಅವನದ್ದು ತಪ್ಪಲ್ಲ ಮಗಳೇ. ಬಂದ ಹುಡುಗಿಯರೆಲ್ಲ ಒಂದೇ ಮಾತು. ಹುಡುಗ ಒಳ್ಳೆಯವ, ಆದ್ರೆ ಪೂಜೆ ಭಟ್ರು, ಕಾಡು ಊರು. ಕೇಳಿ ಕೇಳಿ ಅವನ ಮನಸ್ಸೇ ಮುರಿದಿದೆ. ಮೊನ್ನೆ ಸತೀಶ, ನಮ್ಮ ಕಡೆ ಸಂಬಂಧ ನೋಡುವವ, ಅವ ಹೇಳಿದ. ವೀರಾಜಪೇಟೆ ಕಡೆ ಕೆಲಸದಲ್ಲಿರುವ ಹುಡುಗಿ, ಕಾಫಿ ತಟ್ಟೆ ಹಿಡಿದು ನಿಲ್ಲುವುದೆಲ್ಲ ಅವಳಿಗೆ ಇಷ್ಟ ಇಲ್ಲ, ಹಬ್ಬ ನೋಡುವ ನೆಪದಲ್ಲಿ ಬಂದು ಮನೆ ನೋಡಿಕೊಂಡು ಹೋಗ್ತಾಳೆ, ನೀವು ಏನೂ ಕೇಳಬಾರದು ಅಂತ. ಯಮುನ ಫೋನ್ ಮಾಡಿ ಹಬ್ಬ ನೋಡ್ಲಿಕ್ಕೆ ಒಬ್ಳು ಬರ್ತಾಳೆ ಅಂದಾಗ್ಲೇ ನೀನೇ ಅಂತ ತಿಳ್ಕೊಂಡೆವು. ನಾನು ಕೇಳುವುದಿಲ್ಲಪ್ಪ. ನಿನಗೆ ಮನಸ್ಸಿಗೆ ಬಂದರೆ ಸಾಕು."

ಶ್ರೀಲಕ್ಷ್ಮಿ ಥಟ್ಟನೆ ಕಣ್ಣು ಬಿಟ್ಟಳು.

ಅಯ್ಯೋ ದೇವರೇ... ಇವರು ನನ್ನನ್ನು ಆ ಹುಡುಗಿ ಅಂದುಕೊಂಡಿದ್ದಾರೆ!

ಬಸ್ ನಿಲ್ದಾಣದಲ್ಲಿ ಅವನು ಆಡಿದ ಒಂದೊಂದು ಮಾತಿಗೂ ಈಗ ಅರ್ಥ ಹೊಳೆಯಿತು. 'ಎರಡು ದಿನಕ್ಕೆ ಬಂದವಳು' ಎಂದು ತಾನು ಅಂದಾಗ ಅವನ ಮುಖ ಯಾಕೆ ಹಾಗಾಯಿತೆಂದೂ.

ಹೇಳಬೇಕು. ಈಗಲೇ ಹೇಳಬೇಕು. ಅತ್ತೆ, ನಾನು ಅವಳಲ್ಲ, ಯಮುನ ಕಳಿಸಿದ ಬರೀ ಅತಿಥಿ ನಾನು...

ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ ಅವಳ ಕೂದಲನ್ನು ಒಟ್ಟು ಮಾಡಿ, "ಕೂದಲು ಎಷ್ಟು ಒಣಗಿದೆ ನೋಡು. ನೋಡಿಕೊಳ್ಳುವವರಿಲ್ಲದ ತಲೆ," ಎಂದು ಗುನುಗಿದರು.

ಶ್ರೀಲಕ್ಷ್ಮಿ ತಲೆಯನ್ನು ಮತ್ತೆ ಆ ಬೆರಳುಗಳಿಗೆ ಒಪ್ಪಿಸಿದಳು.

ನಾಳೆ ಹೇಳುತ್ತೇನೆ, ಎಂದುಕೊಂಡಳು. ಕಣಿ ನೋಡಿದ ಕೂಡಲೇ ಹೇಳಿ ಹೊರಟುಬಿಡುತ್ತೇನೆ. ಒಂದು ಬೆಳಗು... ಒಂದೇ ಒಂದು ಬೆಳಗು ಸಾಕು.

ತಪ್ಪೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಾದಳು.

ಅದೇ ಹೊತ್ತಿಗೆ ಶ್ರೀರಾಮ ದೇವಸ್ಥಾನದ ಹಿಂದಿನ ಬಂಡೆಯ ಮೇಲೆ ನಿಂತು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದುದು ಹಿತ್ತಲಿಂದ ಕಾಣುತ್ತಿತ್ತು. ಮಾತು ಮುಗಿದ ಮೇಲೂ ಅವನು ಸುಮಾರು ಹೊತ್ತು ಇಳಿಯಲಿಲ್ಲ.

ಇಳಿದು ಬಂದವನು ಬೇರೆಯೇ ಮನುಷ್ಯನಂತಿದ್ದ.

"ಕಣಿಗೆ ಹಲಸಿನಕಾಯಿ ಕೊಯ್ಯಬೇಕು. ಬರ್ತೀರಾ?" ಎಂದ. ಅತ್ತೆ ಅವಳ ಬೆನ್ನು ತಟ್ಟಿ ಕಳಿಸಿದರು.

ದೇವಸ್ಥಾನದ ಬದಿಯ ಮರದಿಂದ ಎಳೆಯ ಹಲಸಿನಕಾಯಿಯನ್ನು ಕತ್ತರಿಸಿ, ಮೇಣ ತಾಗದಂತೆ ಎಲೆ ಸುತ್ತಿ ಅವಳ ಕೈಗೆ ಕೊಟ್ಟ.

"ಮಧ್ಯಾಹ್ನ ಒರಟಾಗಿ ಮಾತಾಡಿದೆ. ಬೇಜಾರು ಮಾಡ್ಕೊಳ್ಬೇಡಿ."

"ಇಲ್ಲ..."

ಇಬ್ಬರೂ ದೇವಸ್ಥಾನದ ಮೆಟ್ಟಿಲ ಮೇಲೆ ಕುಳಿತರು. ತಡಿಯಂಡಮೋಳ್ ಬೆಟ್ಟದ ನೆತ್ತಿಯಲ್ಲಿ ಇನ್ನೂ ಸ್ವಲ್ಪ ಬೆಳಕಿತ್ತು, ಕೆಳಗಿನ ತೋಟಗಳು ಆಗಲೇ ಕಪ್ಪಾಗಿದ್ದವು.

"ಇಲ್ಲಿ ನಿಮಗೆ ಬೇಸರ ಬರುವುದಿಲ್ವಾ?" ಎಂದು ಕೇಳಿದಳು.

ಅವನು ಸ್ವಲ್ಪ ಯೋಚಿಸಿದ. "ಪೂಜೆಗೆ ಜನ ಬರ್ತಾರೆ. ಎಲ್ಲರೂ ದೇವರ ಹತ್ರ ಮಾತಾಡ್ತಾರೆ. ಮಗಳ ಮದುವೆ, ಮೊಣಕಾಲು ನೋವು, ಕಾಫಿ ರೇಟು. ನನ್ನ ಹತ್ರ ಯಾರೂ ಮಾತಾಡುವುದಿಲ್ಲ. ತೀರ್ಥ ಕೊಡುವ ಕೈ ಮಾತ್ರ ನೋಡ್ತಾರೆ. ಒಮ್ಮೊಮ್ಮೆ ಅನಿಸ್ತದೆ, ನಾನು ತಲೆ ಬೋಳಿಸಿಕೊಂಡು ನಿಂತರೂ ಇವರಿಗೆ ಗೊತ್ತಾಗ್ಲಿಕ್ಕಿಲ್ಲ ಅಂತ."

ಶ್ರೀಲಕ್ಷ್ಮಿ ನಕ್ಕಳು. ಆಮೇಲೆ, ಯಾರಿಗೂ ಹೇಳದ ಒಂದು ಮಾತು ಹೇಳಿದಳು.

"ನಾನು ಶುಕ್ರವಾರ ಸಂಜೆ ಕಚೇರಿ ಬಿಟ್ಟರೆ ಕೆಲವು ಸಲ ಸೋಮವಾರದವರೆಗೂ ಬಾಯಿ ತೆರೆಯುವುದಿಲ್ಲ. ಸೋಮವಾರ ಮೊದಲ ಮಾತು ಆಡುವಾಗ ಸ್ವರವೇ ಹೊರಡುವುದಿಲ್ಲ. ಪಕ್ಕದ ಯಮುನ ಪ್ರತಿ ಸಲ ಕೇಳ್ತಾಳೆ, ನೆಗಡಿಯಾ ಅಂತ. ಹೌದು ಅಂತೇನೆ."

ಅವನು ನಗಲಿಲ್ಲ. ಅವಳ ಕಡೆ ತಿರುಗಿ ಸುಮ್ಮನೆ ನೋಡಿದ. ಅಷ್ಟು ಗಮನವಿಟ್ಟು ತನ್ನ ಮಾತು ಯಾರೂ ಕೇಳಿರಲಿಲ್ಲ ಎಂದು ಶ್ರೀಲಕ್ಷ್ಮಿಗೆ ಅನಿಸಿತು.

ಬೇಡ... ಇವನು ನೋಡುತ್ತಿರುವುದು ನನ್ನನ್ನಲ್ಲ. ಬರಬೇಕಾಗಿದ್ದ ಆ ಇನ್ನೊಬ್ಬಳನ್ನು.

ಬೆಳಗಿನ ಜಾವ ಬಾಗಿಲು ಮೆಲ್ಲಗೆ ಸರಿಯಿತು.

"ಕಣ್ಣು ಬಿಡಬೇಡ ಮಗಳೇ," ಎಂದರು ಅತ್ತೆ. ಎರಡು ಒದ್ದೆ ಅಂಗೈಗಳು ಅವಳ ಕಣ್ಣು ಮುಚ್ಚಿದವು.

ಹಾಗೇ ನಡೆದಳು. ಹೊಸ್ತಿಲು ಬಂದಾಗ, "ಕಾಲು ಎತ್ತು," ಎಂದರು. ಧೂಪದ ವಾಸನೆ, ಗೇರುಹಣ್ಣಿನ ವಾಸನೆ. ಕಾಲಿಗೆ ತಣ್ಣಗಿನ ನೆಲ. ಮುಚ್ಚಿದ ರೆಪ್ಪೆಯೊಳಗೆ ನೀರು ತುಂಬಿತು.

"ಈಗ ನೋಡು."

ಜೋಡಿ ದೀಪಗಳ ನಡುವೆ ಹರಿವಾಣ ತುಂಬ ಅಕ್ಕಿ. ತೆಂಗಿನಕಾಯಿ, ಹಳದಿ ಸೌತೆ, ನಿನ್ನೆಯ ಹಲಸಿನಕಾಯಿ, ಗೇರುಹಣ್ಣು, ಸಂಪಿಗೆ. ಅತ್ತೆಯ ಸವೆದ ಬಂಗಾರದ ಸರ. ನಡುವೆ ಕನ್ನಡಿ. ಕನ್ನಡಿಯಲ್ಲಿ ಅವಳ ಮುಖ, ಅವಳ ಭುಜದ ಮೇಲೆ ಗಲ್ಲ ಊರಿದ ಅತ್ತೆಯ ಮುಖ, ಹಿಂದೆ ಬಾಗಿಲಲ್ಲಿ ನಿಂತ ಶ್ರೀರಾಮನ ಮುಖ.

ಕನ್ನಡಿಯಲ್ಲೇ ಅವನ, ಅವಳ ಕಣ್ಣುಗಳು ಸೇರಿದವು. ಅವನು ದೃಷ್ಟಿ ತೆಗೆಯಲಿಲ್ಲ.

ಸ್ನಾನ ಮುಗಿಸಿ ಬಂದವಳ ಕೈಗೆ ತಿಮ್ಮಪ್ಪಯ್ಯನವರು ಹೊಸ ಸೀರೆ ಇಟ್ಟರು. ಹಸಿರು ಮೈ, ಕೆಂಪು ಅಂಚು. ನಮಸ್ಕಾರ ಮಾಡಿದಾಗ ತಲೆ ಮುಟ್ಟಿ, "ಸುಖವಾಗಿರು ಮಗು," ಎಂದರು.

ಹೇಳಬೇಕು... ಈಗ...

"ಅತ್ತೆ, ನಾನೊಂದು ಮಾತು..."

"ಮಾತೆಲ್ಲ ಆಮೇಲೆ. ಉಟ್ಕೊಂಡು ಬಾ. ಜನ ಬರ್ಲಿಕ್ಕೆ ಶುರುವಾಯ್ತು."

ಉಟ್ಟಳು. ಉಡಬಾರದಿತ್ತು.

ಪೂಜೆಗೆ ಊರಿನವರೆಲ್ಲ ಸೇರಿದ್ದರು. ತಿಮ್ಮಪ್ಪಯ್ಯನವರು ಹೊಸ ವರ್ಷದ ಪಂಚಾಂಗ ಓದಿ ಮುಗಿಸಿದ್ದರು. ಶ್ರೀಲಕ್ಷ್ಮಿ ಅತ್ತೆಯ ಪಕ್ಕದಲ್ಲಿ ನಿಂತು ಪಾನಕ ಕೊಡುತ್ತಿದ್ದಳು. ಆಗ ಬೈಕಿನಿಂದ ಒಬ್ಬ ಇಳಿದು ಬಂದ. ಪಾನಕದ ಲೋಟ ತೆಗೆದುಕೊಂಡು ಅವಳನ್ನು ನೋಡಿ, "ಇವರು ಯಾರು? ಹೊಸಬರು?" ಎಂದ.

ಅತ್ತೆ ನಕ್ಕರು. "ಎಂತ ಸತೀಶ, ನೀನೇ ಕಳಿಸಿ ನೀನೇ ಕೇಳ್ತೀಯಾ?"

"ನಾನಾ? ಆ ಹುಡುಗಿ ಬರುವುದಿಲ್ಲ ಅಂತ ಹೇಳಿ ಆಯ್ತಲ್ಲ. ನಾನು..." ಸತೀಶ ಶ್ರೀರಾಮನ ಕಡೆ ತಿರುಗಿದ. ಶ್ರೀರಾಮ ತಲೆ ತಗ್ಗಿಸಿದ. ಸತೀಶನ ಮಾತು ಅರ್ಧಕ್ಕೇ ನಿಂತಿತು.

ಅಂಗಳದಲ್ಲಿದ್ದ ಎಲ್ಲರ ಕಣ್ಣೂ ಆ ಹಸಿರು ಸೀರೆಯ ಮೇಲೆ.

ತಿಮ್ಮಪ್ಪಯ್ಯನವರು ಎದ್ದು ಬಂದರು. ಸ್ವರ ಏರಲಿಲ್ಲ.

"ನೀವು ಯಾರಮ್ಮ?"

'ಮಗು' ಎಂದವರು 'ನೀವು' ಎಂದಿದ್ದರು.

"ಯಮುನ ಕಳಿಸಿದ್ದು ನನ್ನನ್ನು. ಹಬ್ಬ ನೋಡಲಿಕ್ಕೆ ಅಂತಲೇ ಬಂದೆ."

"ನಾವು ಬೇರೆ ತಿಳಿದುಕೊಂಡಿದ್ದೇವೆ ಅಂತ ನಿಮಗೆ ಗೊತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಎಲ್ಲ ಅಲ್ಲಿಗೆ ಮುಗಿಯುತ್ತಿತ್ತು. ಶ್ರೀಲಕ್ಷ್ಮಿಗೆ ಆ ಸುಳ್ಳು ಬಾಯಿಗೆ ಬರಲಿಲ್ಲ.

"ನಿನ್ನೆ ಸಂಜೆ ಗೊತ್ತಾಯ್ತು."

"ಗೊತ್ತಾಗಿಯೂ ದೇವರ ಮುಂದೆ ನಿಂತು ಸೀರೆ ತೆಗೆದುಕೊಂಡಿರಿ."

ಅವಳು ಶ್ರೀರಾಮನ ಕಡೆ ನೋಡಿದಳು. ಒಂದು ಮಾತು... ಏನಾದರೂ ಒಂದು ಮಾತು... ಬೈದರೂ ಸರಿ. ಅವನು ನೆಲ ನೋಡುತ್ತ ಕಲ್ಲಿನಂತೆ ನಿಂತಿದ್ದ. ಹಿಂದೆ ಯಾರೋ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದು ಕೇಳಿಸಿತು.

ಒಳಗೆ ಹೋಗಿ ಸೀರೆ ಕಳಚಿ, ಮಡಿಕೆ ತಪ್ಪದಂತೆ ಮಡಚಿ ಮಣೆಯ ಮೇಲಿಟ್ಟಳು. ಅತ್ತೆ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ಹೇಳಬಹುದಿತ್ತಲ್ಲ ಮಗಳೇ," ಎಂದರು ಅಷ್ಟೇ.

"ಹೇಳಿದ್ದರೆ ನೀವು ನನ್ನ ಕಣ್ಣು ಮುಚ್ಚುತ್ತಿರಲಿಲ್ಲ ಅತ್ತೆ."

ಹಿತ್ತಲ ದಾರಿಯಿಂದ ಇಳಿದು, ಕಕ್ಕಬೆಯವರೆಗೆ ನಡೆದೇ ಬಂದು ಬಸ್ಸು ಹತ್ತಿದಳು. ಹಬ್ಬದ ದಿನ, ಬಸ್ಸಿನ ತುಂಬ ಹೊಸ ಬಟ್ಟೆಯ ಮಕ್ಕಳು. ವೀರಾಜಪೇಟೆ ಬರುವ ತನಕ ಅವಳು ಕಿಟಕಿಯ ಕಡೆಯೇ ಮುಖ ಮಾಡಿಕೊಂಡಿದ್ದಳು.

ಯಮುನ ವಿಷಯ ತಿಳಿದು ಕೆಂಡವಾದಳು. "ನಾನೇ ಹೋಗಿ ಮಾತಾಡ್ತೇನೆ. ಫೋನಲ್ಲಿ ನಾನು ಸರಿಯಾಗೇ ಹೇಳಿದ್ದೆ."

"ಬೇಡ ಯಮುನ. ತಪ್ಪು ನಂದೂ ಇತ್ತು."

ಮೊದಲೂ ಅವಳು ಒಂಟಿಯೇ. ಆದರೆ ಆ ಒಂಟಿತನ ಅಭ್ಯಾಸವಾಗಿತ್ತು, ಹಳೆಯ ಚಪ್ಪಲಿಯಂತೆ. ಈಗ ಅದು ಕಚ್ಚತೊಡಗಿತು. ತಲೆಗೆ ಎಣ್ಣೆ ಹಚ್ಚಿಕೊಳ್ಳುವಾಗ ಕೈ ನಿಲ್ಲುತ್ತಿತ್ತು. ಭಾನುವಾರ ಮಧ್ಯಾಹ್ನ ಕುಕ್ಕರಿನ ಸೀಟಿ ಅಡಗಿದ ಮೇಲೆ ಬರುವ ನಿಶ್ಶಬ್ದದಲ್ಲಿ ಒಂದು ಸ್ವರ ಕೇಳಿದಂತಾಗುತ್ತಿತ್ತು. 'ಇವರಿಗೆ ಗೊತ್ತಾಗ್ಲಿಕ್ಕಿಲ್ಲ...'

ಅವನ ಮೇಲೆ ಸಿಟ್ಟಿತ್ತು. ಸಿಟ್ಟಿನಷ್ಟೇ ಸುಲಭವಲ್ಲದ ಇನ್ನೇನೋ ಇತ್ತು.

ಯಾಕೆ ಮಾತಾಡಲಿಲ್ಲ? ಮೆಟ್ಟಿಲ ಮೇಲೆ ಅಷ್ಟು ಮಾತಾಡಿದವನು, ಅಂಗಳದಲ್ಲಿ ಒಂದು ಮಾತಿಗೆ ಯಾಕೆ ಬಡವನಾದ?

ಮೇ ತಿಂಗಳ ಕೊನೆಯ ಭಾನುವಾರ. ಕೆಳಗಿನಿಂದ ಮನೆಯ ಒಡತಿ ಕೂಗಿದರು. "ಮೇಡಂ, ಯಾರೋ ಭಟ್ರು ಬಂದಿದ್ದಾರೆ."

ಮೆಟ್ಟಿಲ ಬುಡದಲ್ಲಿ ಶ್ರೀರಾಮ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಧೂಳು ಹಿಡಿದ ಪಂಚೆ. ಎರಡು ಬಸ್ಸು ಬದಲಿಸಿ ಬಂದ ಸುಸ್ತು ಮುಖದಲ್ಲಿತ್ತು.

ಅವಳು ಎರಡು ಮೆಟ್ಟಿಲು ಇಳಿದು ನಿಂತಳು. "ಬನ್ನಿ," ಎಂದಳು.

ಮಹಡಿಯ ಮೊಗಸಾಲೆಯಲ್ಲಿ ಕುರ್ಚಿ ಹಾಕಿ, ನೀರು ತಂದುಕೊಟ್ಟು, ತಾನು ಕಂಬಕ್ಕೊರಗಿ ನಿಂತಳು. ಅವನು ನೀರು ಕುಡಿದು ಲೋಟವನ್ನು ಕೈಯಲ್ಲೇ ತಿರುಗಿಸುತ್ತ ಕುಳಿತ.

"ಯಮುನಳ ಹತ್ರ ವಿಳಾಸ ಕೇಳಿಕೊಂಡು ಬಂದೆ. ನಿಮ್ಮ ಹತ್ರ ಒಂದು ವಿಷಯ ಹೇಳ್ಲಿಕ್ಕುಂಟು. ಹೇಳಿದ ಮೇಲೆ ಹೋಗು ಅಂದ್ರೆ ಹೋಗ್ತೇನೆ."

"ಹೇಳಿ."

"ಸತೀಶ ಹಿಂದಿನ ದಿನ ಸಂಜೆಯೇ ಫೋನ್ ಮಾಡಿದ್ದ. ಆ ಹುಡುಗಿ ಬರುವುದಿಲ್ಲ ಅಂತ. ನೀವು ಅವಳಲ್ಲ ಅಂತ ನನಗೂ ಗೊತ್ತಿತ್ತು."

ಶ್ರೀಲಕ್ಷ್ಮಿಗೆ ಕಿವಿಯನ್ನೇ ನಂಬಲಾಗಲಿಲ್ಲ.

"ಮೆಟ್ಟಿಲ ಮೇಲೆ ಕೂತು ಮಾತಾಡುವಾಗ..."

"ಆಗ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮಾತಾಡ್ಲಿಕ್ಕೆ ಆಯ್ತು. ಇವರು ನನ್ನನ್ನು ತೂಗಿ ನೋಡ್ಲಿಕ್ಕೆ ಬಂದವರಲ್ಲ ಅಂತ ಗೊತ್ತಾದ ಮೇಲೆ ಎಷ್ಟು ಹಗುರ ಅನಿಸಿತು ಅಂದ್ರೆ... ಮನೆಯಲ್ಲಿ ಹೇಳ್ಬೇಕಿತ್ತು. ಹೇಳಿದರೆ ಅತ್ತೆ ನಿಮ್ಮನ್ನು ಅತಿಥಿ ಹಾಗೆ ನೋಡ್ತಿದ್ದರು, ನೀವು ಮಾರನೇ ದಿನ ಅತಿಥಿ ಹಾಗೆ ಹೋಗ್ತಿದ್ದಿರಿ. ಅದು ನನಗೆ ಬೇಡವಾಗಿತ್ತು."

ಆ ಕೊನೆಯ ಮಾತು ಅವಳಿಗೆ ಹಿತವಾಗಿಯೇ ಕೇಳಿಸಿತು. ಅದರ ಹಿಂದೆಯೇ ಸಿಟ್ಟು ಉಕ್ಕಿ ಬಂತು.

"ಮತ್ತೆ ಅಷ್ಟು ಜನರ ಎದುರು ನನ್ನೊಬ್ಬಳನ್ನೇ ಯಾಕೆ ನಿಲ್ಲಿಸಿದಿರಿ? ನನಗೂ ಗೊತ್ತಿತ್ತು ಅಂತ ನೀವೊಂದು ಮಾತು ಅಂದಿದ್ದರೆ ಆಗ್ತಿತ್ತು."

"ಅಂದಿದ್ದರೆ, ಯಾಕೆ ಸುಮ್ಮನಿದ್ದೆ ಅಂತ ಕೇಳ್ತಿದ್ದರು. ಅದಕ್ಕೆ ನನ್ನ ಹತ್ರ ಇದ್ದದ್ದು ಒಂದೇ ಉತ್ತರ. ಇನ್ನೂ ನಿಮಗೇ ಹೇಳದ ಉತ್ತರ. ಹೆದರಿದೆ."

"ನೀವು ಹೆದರಿದಿರಿ. ಮರ್ಯಾದೆ ಹೋದದ್ದು ನನ್ನದು."

"ಹೌದು."

ಕೆಳಗೆ ರಸ್ತೆಯಲ್ಲಿ ಆಟೋ ಒಂದು ಹಾದುಹೋಯಿತು. ಶ್ರೀಲಕ್ಷ್ಮಿ ಕಣ್ಣೊರೆಸಿಕೊಂಡಳು.

"ಈ ತಿಂಗಳ ಸಂಕ್ರಮಣದ ಪೂಜೆಗೆ ಅದೇ ಜನ ಸೇರಿದ್ದರು," ಎಂದ ಅವನು ತಗ್ಗಿದ ದನಿಯಲ್ಲಿ. "ಮಂಗಳಾರತಿ ಆದ ಮೇಲೆ ಎಲ್ಲರನ್ನೂ ನಿಲ್ಲಿಸಿ ಹೇಳಿದೆ."

"ಏನಂತ?"

"ಹಬ್ಬಕ್ಕೆ ಬಂದ ಅವರಿಗೆ ಗೊತ್ತಾದ ಹೊತ್ತಿಗೇ ನನಗೂ ಗೊತ್ತಿತ್ತು, ಅವರು ಹೋಗುವುದು ಬೇಡ ಅಂತ ನಾನು ಸುಮ್ಮನಿದ್ದೆ, ಬೈಯುವುದಿದ್ದರೆ ನನಗೆ ಬೈಯಿರಿ ಅಂತ."

ಶ್ರೀಲಕ್ಷ್ಮಿ ಅವನನ್ನೇ ನೋಡಿದಳು. ಯಾರೂ ತನ್ನ ಹತ್ತಿರ ಮಾತಾಡುವುದಿಲ್ಲ ಎಂದವನು ಅಷ್ಟು ಜನರ ಎದುರು ನಿಂತು ಇದನ್ನು ಹೇಳಿದನೇ?

"ನಿಮ್ಮ ಅಪ್ಪಯ್ಯ?"

"ತುಂಬ ದಿನ ಮಾತು ಬಿಟ್ಟಿದ್ದರು. ಅತ್ತೆ ಅವರ ಹತ್ರ ಮಾತು ಬಿಟ್ಟರು. ಮನೆಯಲ್ಲಿ ಮೂವರೂ ಮೂಕರು." ಅವನ ತುಟಿಯಲ್ಲಿ ನಗುವಿನಂಥದ್ದೇನೋ ಮೂಡಿತು. "ಇವತ್ತು ಬೆಳಿಗ್ಗೆ ಅಪ್ಪಯ್ಯ ಹೇಳಿದರು, ಸಂಜೆ ಪೂಜೆ ನಾನು ಮಾಡ್ತೇನೆ, ನೀನು ಪೊನ್ನಂಪೇಟೆಗೆ ಹೋಗಿ ಬಾ, ಆ ಮಗುವಿನ ಹತ್ರ ನಾನೂ ಕ್ಷಮೆ ಕೇಳಿದೆ ಅಂತ ಹೇಳು ಅಂತ."

ಆ ಮಗು... ಶ್ರೀಲಕ್ಷ್ಮಿ ಮುಖ ತಿರುಗಿಸಿ ನಿಂತಳು. ಅಳು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಅವನು ಅವಸರ ಮಾಡಲಿಲ್ಲ. ಎದ್ದು ಹತ್ತಿರ ಬರಲೂ ಇಲ್ಲ, ಹೊರಡಲೂ ಇಲ್ಲ.

"ನಾನು ಇವತ್ತೇ ಉತ್ತರ ಕೇಳುವುದಿಲ್ಲ," ಎಂದ. "ನಿಮ್ಮ ಸಿಟ್ಟು ಇಳಿಯುವ ತನಕ ಭಾನುವಾರ ಭಾನುವಾರ ಬರ್ತೇನೆ. ಇಳಿಯದಿದ್ದರೂ ಬರ್ತೇನೆ. ನನಗೆ ನೀವು ಬೇಕು, ಅದು ಹೇಳಿ ಆಯ್ತು. ಬಸ್ಸಿಗೆ ಹೊತ್ತಾಯ್ತು, ಹೊರಡ್ತೇನೆ."

ಅವನು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಅವಳ ಸ್ವರ ಕೇಳಿಸಿತು.

"ನಾಪೋಕ್ಲು ನಾಡಕಚೇರಿಯಲ್ಲಿ ನನ್ನ ಹುದ್ದೆಯದ್ದೇ ಒಂದು ಜಾಗ ಖಾಲಿ ಇದೆಯಂತೆ."

ಶ್ರೀರಾಮ ಹಾಗೇ ನಿಂತ. ನಾಪೋಕ್ಲು ಎಂದರೆ ಅವನ ಮನೆಗೆ ಹತ್ತಿರದ ಪೇಟೆ.

"ಯಾರು ಹೇಳಿದರು?"

"ಯಾರೂ ಹೇಳಲಿಲ್ಲ. ಹೋದ ವಾರ ಮಡಿಕೇರಿಗೆ ಹೋದಾಗ ನಾನೇ ವಿಚಾರಿಸಿದೆ."

"ಹೋದ ವಾರವಾ?" ಅವನು ಅವಳ ಕಡೆ ತಿರುಗಿದ. "ನಾನು ಬರ್ತೇನೆ ಅಂತ ನಿಮಗೆ ಗೊತ್ತೇ ಇರ್ಲಿಲ್ಲ."

"ಇರಲಿಲ್ಲ."

"ನಾನು ಬರದೇ ಹೋಗಿದ್ದರೆ?"

"ಅರ್ಜಿ ಕೊಡ್ತಿರಲಿಲ್ಲ. ವಿಚಾರಿಸಿದ್ದು ಅಷ್ಟೇ." ಅವಳು ಕಂಬ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಕಣ್ಣು ಇನ್ನೂ ಒದ್ದೆಯಾಗಿತ್ತು. "ಸಿಟ್ಟು ಪೂರ್ತಿ ಇಳಿದಿಲ್ಲ. ಆದರೂ ಕೇಳ್ತೇನೆ... ಅರ್ಜಿ ಕೊಡ್ಲಾ?"

ಅವನು ಮೆಟ್ಟಿದ ಚಪ್ಪಲಿಯನ್ನು ಮತ್ತೆ ಬಿಟ್ಟ.

"ಕೊಡು," ಎಂದ. ಅವಳನ್ನು ಅವನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.